ಇಳಿವಯಸ್ಸಿನ ವೇಷ, ಹಾಸ್ಯದ ಪಾತ್ರ

ದೇವರಾಯನದುರ್ಗದ ನೆರೆಯ ಊರ್ಡಿಗೆರೆಯೇ ಮೊದಲಾಗಿ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ಪೌರಾಣಿಕ ನಾಟಕದ ರಂಗಸಜ್ಜಿಕೆ ಏಳುವುದು ವಾಚಕರಿಗೆ ಹೊಸ ಸಂಗತಿಯಲ್ಲ. ಹಗಲು ಹೊಲವನ್ನೋ ಅಂಗಡಿಯನ್ನೋ ನೋಡಿಕೊಂಡವರೇ ಇರುಳು ಕಿರೀಟವಿಟ್ಟು ದುರ್ಯೋಧನರಾಗುತ್ತಾರೆ, ಶಕುನಿಗಳಾಗುತ್ತಾರೆ. ಮೊಮ್ಮಕ್ಕಳನ್ನು ಕಂಡವರೂ ಅವರಲ್ಲಿ ಉಂಟು. ಆಗ ಸಭೆಯ ಅಂಚಿನಲ್ಲಿ ಕುಳಿತವರು ಯಾರಾದರೊಬ್ಬರು, “ಈ ವಯಸ್ಸಿನಲ್ಲಿ ಇವರಿಗೇಕೆ ಬಣ್ಣದ ಹುಚ್ಚು?” ಎನ್ನದೆ ಇರುವುದಿಲ್ಲ. ಆ ಹಿರಿಯರು ವೀರನ ವೇಷವನ್ನು ಬಿಟ್ಟು ನಗಿಸುವ ವೇಷವನ್ನು ಹಾಕಿದರಂತೂ ಮಾತು ಇನ್ನಷ್ಟು ಮೊನಚಾಗುತ್ತದೆ. ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಇದರ ಬೇರು ಬಹು ಹಳೆಯದು.

ನಟನಿಗೆ ನಮ್ಮ ಪ್ರಾಚೀನರು ಎರಡು ಬಗೆಯ ಬೆಲೆ ಕಟ್ಟಿದರು. ಭರತಮುನಿಯ ನಾಟ್ಯಶಾಸ್ತ್ರವು ನಾಟ್ಯವನ್ನು ಐದನೆಯ ವೇದವೆಂದು ಎತ್ತಿಹಿಡಿಯಿತು. ಮನುಸ್ಮೃತಿಯಾದರೋ ಶೈಲೂಷನನ್ನು, ಎಂದರೆ ನಟನನ್ನು, ಯಾರ ಅನ್ನವನ್ನು ಉಣ್ಣಬಾರದೋ ಅಂಥವರ ಸಾಲಿನಲ್ಲಿ ಸೇರಿಸಿತು. ಈ ಹೀನತೆ ಹೇಗೆ ಬಂದಿತೆಂಬುದಕ್ಕೆ ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿಯೇ ಒಂದು ಕಥೆಯುಂಟು. ಭರತನ ಮಕ್ಕಳು ವಿದ್ಯಾಮದದಿಂದ ಋಷಿಗಳನ್ನೇ ಅಣಕಿಸಿ ಪ್ರಹಸನವನ್ನು ಆಡಿದರು; ಋಷಿಗಳು ಮುನಿದು ಅವರ ವಂಶಕ್ಕೇ ಶಾಪವಿತ್ತರು. ಅಂದಮೇಲೆ ನಟನ ಮಾನ ಹೋದದ್ದು ಜನರನ್ನು ಅಳಿಸಿದ್ದರಿಂದಲ್ಲ, ನಗಿಸಿದ್ದರಿಂದ!

ಆದರೆ ಅದೇ ಶಾಸ್ತ್ರವು ವಯಸ್ಸಿನ ವಿಷಯದಲ್ಲಿ ಉದಾರವಾಗಿದೆ. ಪಾತ್ರಗಳನ್ನು ಹಂಚುವ ಪ್ರಕರಣದಲ್ಲಿ ಅನುರೂಪಾ, ವಿರೂಪಾ, ರೂಪಾನುಸಾರಿಣೀ ಎಂದು ಮೂರು ಬಗೆಯನ್ನು ಹೇಳಿ, ಬಾಲಕನು ವೃದ್ಧನಾಗಿಯೂ ವೃದ್ಧನು ಬಾಲಕನಾಗಿಯೂ ವೇಷ ತಳೆಯುವುದನ್ನು ಎರಡನೆಯದರಲ್ಲಿ ಎಣಿಸಿದೆ. ವಿದೂಷಕನ ಲಕ್ಷಣಗಳಾದರೋ ಕುಳ್ಳತನ, ಉಬ್ಬುಹಲ್ಲು, ಗೂನುಬೆನ್ನು, ಬೋಳುತಲೆ, ವಿಕಾರವಾದ ಮೋರೆ ಮುಂತಾದವು. ತರುಣನು ಬಟ್ಟೆಯ ಗಂಟು ಕಟ್ಟಿಯೂ ಬಣ್ಣ ಮೆತ್ತಿಯೂ ಸಾಧಿಸಬೇಕಾದ ಇವುಗಳಲ್ಲಿ ಎರಡು ಮೂರನ್ನಾದರೂ ಕಾಲಪುರುಷನು ಹಿರಿಯರಿಗೆ ಖರ್ಚಿಲ್ಲದೆ ಒದಗಿಸಿಕೊಡುತ್ತಾನೆ. ಹಾಸ್ಯದ ಆರು ಭೇದಗಳಲ್ಲಿಯೂ ಹಲ್ಲು ಕಾಣದ ಸ್ಮಿತವನ್ನು ಉತ್ತಮರಿಗೂ, ಅಬ್ಬರದ ಅತಿಹಸಿತವನ್ನು ಅಧಮರಿಗೂ ಹೇಳಿದೆ. ಹಲ್ಲುಗಳೇ ಉದುರಿದವರಿಗೆ ಮೊದಲನೆಯದು ಸುಲಭಸಾಧ್ಯವೆಂದು ಯಾರಾದರೂ ಚಮತ್ಕಾರ ಮಾಡಿದರೆ ಭರತಮುನಿಯು ಕೋಪಿಸಿಕೊಳ್ಳಲಾರನು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮರ್ಯಾದಸ್ಥ ಗೃಹಸ್ಥರು ಈ ತೊಡಕಿನಿಂದ ಪಾರಾಗಲು ಒಂದು ದಾರಿ ಕಂಡುಕೊಂಡರು. ಕೂಲಿಗಾಗಿ ಆಡಿದರೆ ತಾನೆ ಶೈಲೂಷತ್ವ? ಸಂತೋಷಕ್ಕಾಗಿ ಆಡಿದರೆ ದೋಷವೇನು? ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆಯೂ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆಯೂ ಹುಟ್ಟಿದುದು ಈ ಭಾವದಿಂದ. ಇಬ್ಬರೂ ವಕೀಲರು. ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವರೂ (1880–1946) ವಕೀಲಿಯಿಂದ ಜೀವಿಸುತ್ತ, ನಾಟಕವನ್ನು ಪ್ರೀತಿಯಾಗಿಯೇ ಉಳಿಸಿಕೊಂಡು ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಭಿನಯಿಸಿದರು. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಸ್ಥಾಪಿತವಾಯಿತು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಕಲಿತು ಮೈಸೂರು ಸಂಸ್ಥಾನದ ಆ ಇಲಾಖೆಯಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟ ಟಿ. ಪಿ. ಕೈಲಾಸಂ (1884–1946) ‘ಟೊಳ್ಳುಗಟ್ಟಿ’, ‘ಅಮ್ಮಾವ್ರ ಗಂಡ’ ಮೊದಲಾದವುಗಳಿಂದ ಹವ್ಯಾಸಿಗಳ ಕೈಗೆ ಮನೆಮಾತಿನ ಹಾಸ್ಯವನ್ನು ಕೊಟ್ಟರು. ಗದೆ ಕಿರೀಟಗಳಿಲ್ಲದೆ, ನಡುಮನೆಯ ಕುರ್ಚಿಯಲ್ಲಿ ಕುಳಿತೇ ನಗಿಸಬಹುದಾದ ನಾಟಕಗಳು ಬಂದ ಮೇಲೆ, ಮೊಣಕಾಲು ನೋವಿನ ಗೃಹಸ್ಥರಿಗೂ ರಂಗದಲ್ಲಿ ಎಡೆ ದೊರೆಯಿತು. ಕೈಲಾಸಂ ಅವರನ್ನು ಕನ್ನಡಿಗರು 1945ರ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು. ನಗಿಸುವವನಿಗೆ ಋಷಿಗಳ ಶಾಪ ಅಂದಿಗೆ ಸಡಿಲಿತೆನ್ನಬೇಕು.

ಈ ದಾರಿ ಅನುಕೂಲವಾದದ್ದು ನಿಜ. ನ್ಯಾಯವಾದದ್ದೆಂದು ಹೇಳುವುದು ಕಷ್ಟ. ಹವ್ಯಾಸಿಗಳ ಮಾನವು ಉಳಿದುದು ವೃತ್ತಿನಟನಿಂದ ತಾವು ಬೇರೆಯೆಂದು ಗೆರೆ ಎಳೆದುಕೊಂಡಿದ್ದರಿಂದ. ಆದರೆ ಮಾತನ್ನು ಎಲ್ಲಿ ನಿಲ್ಲಿಸಬೇಕು, ನಗೆ ತಗ್ಗುವವರೆಗೆ ಹೇಗೆ ಕಾಯಬೇಕು ಎಂಬ ವಿದ್ಯೆಯನ್ನು ಅವರಲ್ಲಿ ಬಹುಮಂದಿ ಕಲಿತುದು ಕಂಪೆನಿಯ ನಾಟಕಗಳ ಚಾಪೆಯ ಮೇಲೆ ಕುಳಿತು, ಆ ವೃತ್ತಿನಟನಿಂದಲೇ. ತುಮಕೂರು ಸೀಮೆಯವರು ಇದನ್ನು ಮರೆಯುವುದು ಅಸಾಧ್ಯ; ಏಕೆಂದರೆ ಗುಬ್ಬಿ ಇರುವುದು ಇಲ್ಲಿಯೇ.

ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು 1884ರಲ್ಲಿ ಹುಟ್ಟಿತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲ್ಯದಲ್ಲಿಯೇ ಅದನ್ನು ಸೇರಿ, ಮುಂದೆ ಅದರ ಒಡೆಯರಾದರು. 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ವನ್ನು ಆಡಿಸಿದ ವೈಭವ ಇಂದಿಗೂ ಜನರ ಬಾಯಲ್ಲಿದೆ. ತುಮಕೂರಿನ ಪಕ್ಕದ ಬೆಳ್ಳಾವೆಯ ನರಹರಿಶಾಸ್ತ್ರಿಗಳಂಥ ವಿದ್ವಾಂಸರು ಆ ಸಂಸ್ಥೆಗೆ ನಾಟಕ ಬರೆದರು. ಅದೇ 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಅವರದೇ ಸಾಹಿತ್ಯ. ಇಷ್ಟು ದೊಡ್ಡ ಸಂಸ್ಥೆಯ ಒಡೆಯರು ತಮಗೆಂದು ಆರಿಸಿಕೊಂಡುದು ರಾಜನ ಪಾತ್ರವನ್ನಲ್ಲ. ‘ಸದಾರಮೆ’ಯ ಕಳ್ಳನ ಪಾತ್ರ ಅವರ ಹೆಸರಿನೊಡನೆ ಬೆಸೆದುಕೊಂಡಿತು, ‘ವರ್ಸಟೈಲ್ ಕಮೆಡಿಯನ್’ ಎಂಬುದು ಅವರ ಬಿರುದಾಯಿತು. ಸಂಬಳ ಕೊಡುವ ಯಜಮಾನರೇ ಕಳ್ಳನಾಗಿ ಬಂದು ಪ್ರಜೆಗಳನ್ನು ನಗಿಸುವುದು ಸಾಮಾನ್ಯವಾದ ವಿನಯವಲ್ಲ.

ಇದರಲ್ಲಿ ವಿನಯವೊಂದೇ ಅಲ್ಲ, ಲೆಕ್ಕಾಚಾರವೂ ಇದೆ. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ರಾಜಪಾತ್ರಧಾರಿಯು ಹಾರ್ಮೋನಿಯಂ ಏರಿಸಿದ ಶ್ರುತಿಗೆ ಕಂಠವನ್ನು ಏರಿಸಿ, ಕಟ್ಟಕಡೆಯ ಸಾಲಿನವರೆಗೆ ಹಾಡನ್ನು ಮುಟ್ಟಿಸಬೇಕಾಗಿತ್ತು. ವಯಸ್ಸಾದಂತೆ ಮೊದಲು ಕೈಕೊಡುವುದು ಆ ಕಂಠ, ಅನಂತರ ನಿಲುವು. ಹಾಸ್ಯಗಾರನ ಬಂಡವಾಳವು ಮಾತು, ಕಣ್ಣು ಮತ್ತು ತಾಳ್ಮೆ. ಇವು ಬೇಗ ಸವೆಯುವುದಿಲ್ಲ. ರಾಜನು ಪದ್ಯ ಮರೆತರೆ ಸಭೆ ಕೂಗುತ್ತದೆ. ವಿದೂಷಕನು ಮಾತು ಮರೆತು ತಲೆ ಕೆರೆದುಕೊಂಡರೆ ಅದೂ ಪಾತ್ರವೆಂದೇ ಸಭೆ ನಗುತ್ತದೆ. ಮರೆವಿಗೆ ಇಷ್ಟು ಕ್ಷಮೆಯಿರುವ ಸ್ಥಳ ಲೋಕದಲ್ಲಿ ಇನ್ನೊಂದಿಲ್ಲ. ವೀರಣ್ಣನವರು 1972ರಲ್ಲಿ ತೀರಿಕೊಂಡರು; ಅವರ ಮೊಮ್ಮಗಳು ಬಿ. ಜಯಶ್ರೀ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು.

ತಡವಾಗಿ ಪ್ರಸಿದ್ಧಿಗೆ ಬಂದವರ ಪರಂಪರೆಯೂ ಮುಂದುವರಿಯಿತು. ಜವಳಿ ವ್ಯಾಪಾರದ ಮನೆತನದ ಸಿ. ಎಚ್. ಲೋಕನಾಥ್ (1927–2018) ಬೆಂಗಳೂರಿನ ಹವ್ಯಾಸಿ ರಂಗದಲ್ಲಿ ಪಳಗಿ, ನಲವತ್ತು ದಾಟಿದ ಮೇಲೆ 1970ರ ‘ಸಂಸ್ಕಾರ’ದಿಂದ ಚಿತ್ರರಂಗಕ್ಕೆ ಕಾಲಿಟ್ಟರು. 1974ರ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಅವರು ಉಪ್ಪಿನಕಾಯಿಗೆ ಚಾಚಿದ ನಾಲಗೆಯನ್ನು ನೋಡಿ ನಗದ ಕನ್ನಡಿಗರು ವಿರಳ. ಚಿತ್ರದುರ್ಗದ ಎಚ್. ಜಿ. ದತ್ತಾತ್ರೇಯ ಅವರು ವಾಯುಸೇನೆಯಲ್ಲಿ ಸೇವೆ ಮಾಡಿದವರು. ಅವರೂ ಚಿತ್ರಗಳಿಗೆ ಬಂದುದು ನಲವತ್ತರ ಅನಂತರ.

ಹಳ್ಳಿಯ ಹಿರಿಯರಿಗೆ ಇಂಥ ಕೀರ್ತಿಯ ಆಸೆಯಿಲ್ಲ. ಬದಲಾಗಿ ಅವರು ಕೈಯಿಂದಲೇ ಹಣ ಕಳೆದುಕೊಳ್ಳುತ್ತಾರೆ. ನಾಟಕದ ಮೇಷ್ಟ್ರು ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಅವರ ಸಂಭಾವನೆ, ಸೀನರಿಯ ಬಾಡಿಗೆ, ಹೊರಗಿನಿಂದ ಕರೆಸುವ ನಟಿಯರ ಗೌರವಧನ ಎಲ್ಲವೂ ಪಾತ್ರಧಾರಿಗಳ ತಲೆಯ ಮೇಲೆ ಬೀಳುತ್ತದೆ. ಕೃಷ್ಣ ದುರ್ಯೋಧನರ ಪಾಲು ದೊಡ್ಡದು, ಸಣ್ಣ ವೇಷಗಳದು ಸಣ್ಣದು. ಮನುವು ಕೂಲಿಗೆ ಆಡುವವನನ್ನು ಕಂಡಿದ್ದನೇ ಹೊರತು, ಕೂಲಿ ತೆತ್ತು ಆಡುವವನನ್ನು ಕಂಡಿರಲಿಲ್ಲ.

ಊರಿನಲ್ಲಿ ಆಡಿ ಪಳಗಿದ ಇಂಥ ತಂಡಗಳು ತುಮಕೂರಿನ ರಂಗಮಂದಿರಕ್ಕೂ ಬಂದು ಆಡುತ್ತವೆ. ಕರಪತ್ರದಲ್ಲಿ ಪಾತ್ರದ ಎದುರು ಪಾತ್ರಧಾರಿಯ ಹೆಸರು, ಅದರ ಪಕ್ಕದಲ್ಲಿ ಕೆಲವೊಮ್ಮೆ ನಿವೃತ್ತ ಶಿಕ್ಷಕರೆಂದೋ ರೈತರೆಂದೋ ಅವರ ಕಸುಬು ಅಚ್ಚಾಗಿರುತ್ತದೆ. ತಾವು ಇದರಿಂದ ಹೊಟ್ಟೆ ಹೊರೆಯುವವರಲ್ಲವೆಂಬ ಹಳೆಯ ಗೆರೆ ಅಲ್ಲಿ ಇನ್ನೂ ಅಳಿಸಿಲ್ಲ. ಅದೇ ಕರಪತ್ರದಲ್ಲಿ ನಾಟಕ ನಡೆಯುವ ಸ್ಥಳವೆಂದು ನಮೂದಾಗಿರುವುದು ಗುಬ್ಬಿ ವೀರಣ್ಣ ಕಲಾಕ್ಷೇತ್ರ.