ದೀಪದ ಗೂಡಿನಿಂದ ಇನ್ವರ್ಟರ್‌ವರೆಗೆ

ರಾತ್ರಿ ಎಂಟು ಗಂಟೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಮಕ್ಕಳು ಪುಸ್ತಕದ ಮುಂದೆ ಕುಳಿತಿದ್ದಾರೆ, ಹೊರಗೆ ಮಳೆ. ಇದ್ದಕ್ಕಿದ್ದಂತೆ ಕರೆಂಟು ಹೋಗುತ್ತದೆ. ಆ ಕ್ಷಣ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಬಹಳ ಕಾಲದಿಂದ ಒಂದೇ: 'ಬೆಂಕಿಪೊಟ್ಟಣ ಎಲ್ಲಿ?' ಈಗೀಗ ಅದು 'ಟಾರ್ಚ್ ಎಲ್ಲಿ?' ಎಂದೋ 'ಮೊಬೈಲ್ ಎಲ್ಲಿ?' ಎಂದೋ ಬದಲಾಗಿರಬಹುದು. ಪ್ರಶ್ನೆಯ ಹಿಂದಿನ ತಡಕಾಟ ಮಾತ್ರ ಹಾಗೇ ಇದೆ.

ವಿಚಿತ್ರವೆಂದರೆ, ವಿದ್ಯುತ್ ಬರುವ ಮುಂಚೆ ಈ ಪ್ರಶ್ನೆಯನ್ನು ಯಾರೂ ಹೀಗೆ ಕೇಳಬೇಕಿರಲಿಲ್ಲ. ಕತ್ತಲೆ ಆಗಲೂ ಇತ್ತು, ಈಗಿನದಕ್ಕಿಂತ ದಟ್ಟವಾಗಿಯೇ ಇತ್ತು. ಆದರೆ ಅದು ಹೇಳಿ ಕೇಳಿ ಬರುತ್ತಿತ್ತು. ದಿನವೂ ಸಂಜೆ ಅದೇ ಹೊತ್ತಿಗೆ ಬರುವ ಅತಿಥಿಗೆ ಮನೆ ಸಿದ್ಧವಾಗಿಯೇ ಇರುತ್ತಿತ್ತು. ಹೇಳದೆ ಕೇಳದೆ ಬರುವ ಕತ್ತಲೆಯನ್ನು ನಮಗೆ ತಂದುಕೊಟ್ಟದ್ದು ವಿದ್ಯುತ್ತೇ.

ಗೋಡೆಯೊಳಗಿನ ಜಾಗ

ಹಳೆಯ ಮನೆಗಳ ಮಣ್ಣಿನ ಗೋಡೆಯಲ್ಲಿ ಆಳಿನ ಎದೆಯೆತ್ತರಕ್ಕೆ ಒಂದು ಪುಟ್ಟ ಗೂಡು ಇರುತ್ತಿತ್ತು. ಉತ್ತರ ಕರ್ನಾಟಕದವರು ಅದನ್ನು ಮಾಡ ಎನ್ನುತ್ತಾರೆ. ಅದು ದೀಪಕ್ಕೆಂದೇ ಬಿಟ್ಟ ಜಾಗ. ಗಾಳಿಗೆ ದೀಪ ಆರಬಾರದು, ಮಕ್ಕಳ ಕೈಗೆ ಸಿಗಬಾರದು, ಕುಡಿಯ ಮಸಿ ಮಾಡಿಗೆ ತಾಗಬಾರದು, ಕತ್ತಲಲ್ಲಿ ಕೈ ಚಾಚಿದರೆ ತಪ್ಪದೆ ಸಿಗಬೇಕು. ಇಷ್ಟೆಲ್ಲ ಯೋಚಿಸಿ ಮನೆ ಕಟ್ಟುವಾಗಲೇ ದೀಪಕ್ಕೆ ಸ್ಥಳ ಗೊತ್ತು ಮಾಡುತ್ತಿದ್ದರು.

ದೀಪಕ್ಕೆ ಎಣ್ಣೆ ಊರಿನ ಸುತ್ತಲಿನದೇ. ಬಯಲುಸೀಮೆಯಲ್ಲಿ ಹರಳೆಣ್ಣೆ, ಹೊಂಗೆಯೆಣ್ಣೆ. ಕರಾವಳಿಯಲ್ಲಿ ತೆಂಗಿನೆಣ್ಣೆ, ಹೊನ್ನೆಯೆಣ್ಣೆ. ಹಳೆಯ ಬಟ್ಟೆಯ ಅಂಚು ಹರಿದು ಹೊಸೆದರೆ ಬತ್ತಿ. ರಾತ್ರಿ ಹೊರಗೆ ಹೋಗಬೇಕಾದರೆ ಒಣಗಿದ ತೆಂಗಿನ ಗರಿಯ ಸೂಡಿ ಅಥವಾ ಪಂಜು. ಸೂರ್ಯ ಮುಳುಗುವ ಮುನ್ನ ದೀಪ ತೊಳೆದು, ಬತ್ತಿಯ ಕರಿಕು ತೆಗೆದು, ಎಣ್ಣೆ ತುಂಬಿಡುವುದು ಹೆಂಗಸರ ದಿನಚರಿಯ ಭಾಗವಾಗಿತ್ತು. 'ದೀಪ ಹಚ್ಚುವ ಹೊತ್ತು' ಎಂಬ ಮಾತು ಗಡಿಯಾರವಿಲ್ಲದ ಕಾಲದಲ್ಲಿ ಒಂದು ವೇಳೆಯ ಹೆಸರೇ ಆಗಿಹೋಗಿತ್ತು.

ದೇವಾಲಯಗಳು ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವು. ನಂದಾದೀವಿಗೆ ಎಂದರೆ ಎಂದೂ ಆರಬಾರದ ದೀಪ. ಭಕ್ತಿಯೊಂದರಿಂದಲೇ ಅದು ಉರಿಯುವುದಿಲ್ಲ, ಎಣ್ಣೆ ಬೇಕು ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಕನ್ನಡ ನಾಡಿನ ಎಷ್ಟೋ ಶಾಸನಗಳಲ್ಲಿ ನಂದಾದೀವಿಗೆಗೆಂದು ಗಾಣಗಳಿಂದ ಇಷ್ಟು ಎಣ್ಣೆ ಸಲ್ಲಬೇಕೆಂಬ ಏರ್ಪಾಡನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅವು ದಾನಶಾಸನಗಳು, ನಿಜ. ದೀಪಕ್ಕೆ ತಡೆಯಿಲ್ಲದಂತೆ ಮಾಡಿದ ಪೂರೈಕೆಯ ಕರಾರುಗಳೂ ಹೌದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೀಮೆಎಣ್ಣೆ ಬಂತು. ಹೆಸರೇ ಹೇಳುವಂತೆ ಅದು ಪರಸೀಮೆಯ ಎಣ್ಣೆ. ಅದರೊಂದಿಗೆ ಬುಡ್ಡಿದೀಪ, ಚಿಮಣಿ, ಲಾಟೀನು, ಕಂದೀಲು ಬಂದವು. ಮದುವೆ ಚಪ್ಪರಕ್ಕೂ ಬಯಲಾಟದ ರಂಗಸ್ಥಳಕ್ಕೂ ಮುಂದೆ ಪೆಟ್ರೋಮ್ಯಾಕ್ಸ್ ಬಂತು. ಬೆಳಕು ಹೆಚ್ಚಿತು, ಎಣ್ಣೆ ಮಾತ್ರ ಊರಿನ ಗಾಣದಿಂದ ಅಂಗಡಿಯ ಡಬ್ಬಕ್ಕೆ ವರ್ಗವಾಯಿತು. ಆದರೂ ಸಂಜೆಯ ಶಿಸ್ತು ಬದಲಾಗಲಿಲ್ಲ. ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜಿ ಒರೆಸುವ ಕೆಲಸ ಮನೆಯ ಮಕ್ಕಳ ಪಾಲಿಗೆ ಬಂತು, ಅಷ್ಟೆ.

ನದಿಗೂ ಒಂದು ಹಂಡೆ

1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಮೊದಲ ಬೆಳಕು ಸಂದದ್ದು ಮನೆಗಳಿಗಲ್ಲ, ಗಣಿಗೆ ಎಂಬುದನ್ನು ಗಮನಿಸಬೇಕು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರಿಗೆ ವಿದ್ಯುದ್ದೀಪ ಬಂತು. ಬೆಂಗಳೂರೇ ಏಷ್ಯಾದಲ್ಲಿ ಮೊದಲು ವಿದ್ಯುತ್ ಕಂಡ ನಗರ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಸರಿಯಲ್ಲ. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ, ಕಲ್ಕತ್ತದಲ್ಲಿ 1899ರಲ್ಲೇ ವಿದ್ಯುತ್ ಪೂರೈಕೆ ಶುರುವಾಗಿತ್ತು.

ನೆಲದಡಿಯ ಗಣಿಯಲ್ಲಿ ಕರೆಂಟು ಹೋಗುವುದೆಂದರೆ ಬರಿಯ ಕತ್ತಲೆಯಲ್ಲ. ನೀರೆತ್ತುವ ಪಂಪು, ಗಾಳಿ ಹಾಯಿಸುವ ಯಂತ್ರ, ಆಳುಗಳನ್ನು ಮೇಲೆತ್ತುವ ತೊಟ್ಟಿಲು, ಎಲ್ಲಕ್ಕೂ ಸತತವಾದ ಶಕ್ತಿ ಬೇಕು. ಕಾವೇರಿಯಾದರೋ ಬೇಸಿಗೆಯಲ್ಲಿ ಸೊರಗುವ ನದಿ. ಮಳೆಗಾಲದಲ್ಲಿ ಧುಮ್ಮಿಕ್ಕುವ ನೀರನ್ನು ಹಿಡಿದಿಡದೆ ಬೇಸಿಗೆಯಲ್ಲಿ ಯಂತ್ರ ತಿರುಗದು. 1911ರಲ್ಲಿ ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಶುರುವಾದದ್ದಕ್ಕೆ ನೀರಾವರಿಯಷ್ಟೇ ಇದೂ ಒಂದು ಮುಖ್ಯ ಕಾರಣ. ಕೃಷ್ಣರಾಜಸಾಗರವನ್ನು ನಾವು ಮಂಡ್ಯದ ಗದ್ದೆಗಳ ಜೊತೆ ನೆನೆಯುತ್ತೇವೆ. ಅದು ಶಿವನಸಮುದ್ರದ ದೀಪ ಆರದಂತೆ ಮೈಸೂರು ಸಂಸ್ಥಾನ ತುಂಬಿಟ್ಟುಕೊಂಡ ಹಂಡೆಯೂ ಆಗಿತ್ತು. ಹಿತ್ತಲಲ್ಲಿ ನೀರು ತುಂಬಿಡುವ ಗೃಹಿಣಿಯ ಲೆಕ್ಕಾಚಾರವೂ ಅಣೆಕಟ್ಟೆ ಕಟ್ಟಿಸಿದ ಎಂಜಿನಿಯರರ ಲೆಕ್ಕಾಚಾರವೂ ಒಂದೇ: ಇರುವಾಗ ತುಂಬಿಡು, ಇಲ್ಲದಾಗ ಬಳಸು.

ದೀಪದ ಬುಡದ ಕತ್ತಲೆ

ನಂತರ 1948ರಲ್ಲಿ ಜೋಗ, 1964ರಲ್ಲಿ ಲಿಂಗನಮಕ್ಕಿ ಬಂದವು. 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾಗಿ ಹಳ್ಳಿಗಳತ್ತ ಕಂಬಗಳು ಸಾಲುಗಟ್ಟಿದವು. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಗೆ ಶರಾವತಿಯ ಹಿನ್ನೀರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಜಲಾಶಯಕ್ಕೆ ಮನೆ, ಗದ್ದೆ ಬಿಟ್ಟುಕೊಟ್ಟು ಕಾಡಿನಂಚಿಗೆ ಸರಿದ ಅನೇಕ ಕುಟುಂಬಗಳು ದಶಕಗಳ ಕಾಲ ಬುಡ್ಡಿದೀಪದಲ್ಲೇ ಬದುಕಿದವು. ನಾಡಿಗೆ ಬೆಳಕು ಕೊಟ್ಟವರ ಮನೆಗೇ ಬೆಳಕು ಕೊನೆಗೆ ಬಂತು.

ಬೆಳಕು ಬಂದ ಕಡೆ ಗೂಡಿಗೆ ಕೆಲಸವಿಲ್ಲದಾಯಿತು. ಸಿಮೆಂಟು ಗೋಡೆಯ ಹೊಸ ಮನೆಗಳಲ್ಲಿ ಅದನ್ನು ಬಿಡುವುದನ್ನೇ ನಿಲ್ಲಿಸಿದರು. ಲಾಟೀನು ಅಟ್ಟ ಸೇರಿತು. ಆದರೆ ನದಿಯನ್ನು ನೆಚ್ಚಿದ ಬೆಳಕು ಮಳೆಯನ್ನೂ ನೆಚ್ಚಿರಬೇಕಷ್ಟೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾಗುವವರೆಗೆ ರಾಜ್ಯದ ಸ್ವಂತ ವಿದ್ಯುತ್ತು ಬಹುಪಾಲು ಜಲವಿದ್ಯುತ್ತೇ. ಮುಂಗಾರು ಕೈಕೊಟ್ಟ ವರ್ಷ ಜಲಾಶಯದ ಮಟ್ಟ ಇಳಿಯುತ್ತಿತ್ತು, ಅದರ ಹಿಂದೆಯೇ ಲೋಡ್ ಶೆಡ್ಡಿಂಗ್ ಬರುತ್ತಿತ್ತು. ಜಲಾಶಯ ತಳ ಕಾಣುವ ಮಾರ್ಚ್, ಏಪ್ರಿಲ್ ತಿಂಗಳುಗಳೇ ಮಕ್ಕಳ ಪರೀಕ್ಷೆಯ ತಿಂಗಳುಗಳೂ ಆಗಿದ್ದವು. ಆಗ ಓದಿದ ಒಂದು ಇಡೀ ತಲೆಮಾರಿಗೆ ಎಸ್ಸೆಸ್ಸೆಲ್ಸಿ ಎಂದರೆ ಪುಸ್ತಕದ ಮೇಲೆ ತೊಟ್ಟಿಕ್ಕಿದ ಮೇಣದ ನೆನಪೂ ಹೌದು.

ಆ ವರ್ಷಗಳಲ್ಲಿ ಮನೆಗಳು ಮರೆತ ಪಾಠವನ್ನು ಮತ್ತೆ ಕಲಿತವು. ಮಲೆನಾಡಿನ ನಮ್ಮ ಅಜ್ಜಿಯ ಮನೆಯಲ್ಲಿ ಬೆಂಕಿಪೊಟ್ಟಣ ಎರಡು ಇರುತ್ತಿದ್ದವು. ಒಂದು ಒಲೆಗೆ, ಇನ್ನೊಂದು ಕತ್ತಲೆಗೆ. ಕತ್ತಲೆಯ ಪೊಟ್ಟಣಕ್ಕೆ ಅಜ್ಜಿ ಒಂದು ದಾರ ಸುತ್ತಿರುತ್ತಿದ್ದಳು. ಮುಟ್ಟಿದರೆ ಬೆರಳಿಗೇ ಗೊತ್ತಾಗಬೇಕು ಎಂದು. ಅದನ್ನು ಒಲೆಗೆ ಒಯ್ದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಬರಲು ನಾಲ್ಕೈದು ದಿನ ಹಿಡಿಯುವುದಿತ್ತು. ಆಗ ಆ ಮನೆಯಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ. ಪೊಟ್ಟಣದ ಪಕ್ಕದಲ್ಲೇ ಮೇಣದ ಬತ್ತಿ, ಗೋಡೆಯ ಮೊಳೆಗೆ ಎಣ್ಣೆ ತುಂಬಿದ ಲಾಟೀನು, ಬಚ್ಚಲ ಹಂಡೆಯಲ್ಲಿ ಎರಡು ದಿನದ ನೀರು. ಗೂಡು ಹೋಗಿತ್ತು, ಗೂಡಿನ ಬುದ್ಧಿ ಉಳಿದಿತ್ತು.

ಇನ್ವರ್ಟರ್ ಎಂಬ ಮರೆವು

ಇಂದು ಸನ್ನಿವೇಶ ಬೇರೆ. ಕೈಗಾದಲ್ಲಿ ಅಣುವಿದ್ಯುತ್, ಪಾವಗಡದಲ್ಲಿ ಸೂರ್ಯನ ವಿದ್ಯುತ್ ತಯಾರಾಗುತ್ತಿದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದಾಯಿತು. ಅದಕ್ಕೂ ಹದಿನೇಳು ತಿಂಗಳ ಹಿಂದೆ, 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಭಾರತದ ಜಾಲ ಕುಸಿದು 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾಗಿತ್ತು. ಪ್ರತ್ಯೇಕವಾಗಿದ್ದ ಕಾರಣ ದಕ್ಷಿಣ ಅಂದು ಪಾರಾಯಿತು. ಒಂದಾದ ಮೇಲೆ ಕೊರತೆ ಬಿದ್ದಾಗ ದೂರದ ರಾಜ್ಯದಿಂದ ವಿದ್ಯುತ್ ತರಿಸುವುದು ಸುಲಭವಾಗಿದೆ. ದೂರದ ತೊಂದರೆ ನಮ್ಮ ಬಾಗಿಲಿಗೆ ಬರುವ ಸಾಧ್ಯತೆಯೂ ಅದರ ಜೊತೆಗೇ ಬಂದಿದೆ.

ಮನೆಯೊಳಗಿನ ಬದಲಾವಣೆ ಇನ್ನೂ ದೊಡ್ಡದು. ಲಾಟೀನಿನ ಜಾಗಕ್ಕೆ ಇನ್ವರ್ಟರ್ ಬಂದಿದೆ. ಕರೆಂಟು ಹೋದದ್ದೇ ಎಷ್ಟೋ ಸಲ ತಿಳಿಯುವುದಿಲ್ಲ. ಅನುಕೂಲವೇ ಸರಿ, ಆದರೆ ಅದರ ಲೆಕ್ಕ ತಿಳಿದಿರಬೇಕು. ಸಾಮಾನ್ಯವಾಗಿ ಮನೆಗಳಲ್ಲಿರುವುದು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 1800 ವಾಟ್-ಅವರ್, ಅಂದರೆ ಎರಡು ಯೂನಿಟ್ಟಿಗೂ ಕಡಿಮೆ. ನಷ್ಟ ಮತ್ತು ಬ್ಯಾಟರಿಯ ವಯಸ್ಸನ್ನು ಕಳೆದರೆ ಕೈಗೆ ದಕ್ಕುವುದು ಇನ್ನೂ ಕಡಿಮೆ. ಹಳೆಯ ಮಾದರಿಯ ಎರಡು ಫ್ಯಾನು, ನಾಲ್ಕು ಎಲ್ಇಡಿ ದೀಪ ಹಾಕಿಕೊಂಡರೆ ಅದು ಒಂದು ರಾತ್ರಿಯ ಗಂಟು. ಫ್ಯಾನು ನಿಲ್ಲಿಸಿ ಎರಡೇ ದೀಪ ಉರಿಸಿದರೆ ಅದೇ ಬ್ಯಾಟರಿ ಎರಡು ಮೂರು ಸಂಜೆ ಸಾಗಿಸೀತು. ಇನ್ವರ್ಟರ್ ಕೊಂಡಾಗ ಬೇಕಾದದ್ದು ಈ ಹಿಡಿತ. ನಮ್ಮಲ್ಲಿ ಬಹಳ ಮಂದಿಗೆ ಬಂದಿರುವುದು ಮರೆವು.

ಇನ್ನೊಂದು ಮಾತು. ಲಾಟೀನಿನ ಕಾಲಕ್ಕೆ ಕರೆಂಟು ಹೋದರೆ ದೀಪವೊಂದೇ ಹೋಗುತ್ತಿತ್ತು. ನೀರು ಬಾವಿಯಲ್ಲಿತ್ತು, ಹಿಟ್ಟು ರುಬ್ಬುವ ಕಲ್ಲಿನಲ್ಲಿತ್ತು, ಸುದ್ದಿ ಬ್ಯಾಟರಿ ರೇಡಿಯೋದಲ್ಲಿತ್ತು. ಇಂದು ಮೋಟಾರು ನಿಂತರೆ ಮೇಲಿನ ಟ್ಯಾಂಕು ಬರಿದಾಗುತ್ತದೆ. ಲಿಫ್ಟ್ ನಿಂತರೆ ಆರನೇ ಮಹಡಿಯ ವೃದ್ಧರು ಮನೆಯಲ್ಲೇ ಬಂದಿ. ಇನ್ಸುಲಿನ್ ಫ್ರಿಜ್ಜಿನಲ್ಲಿದೆ, ಉಸಿರಾಟದ ತೊಂದರೆಯವರ ಆಮ್ಲಜನಕ ಯಂತ್ರ ಗೋಡೆಯ ಪ್ಲಗ್ಗಿನಲ್ಲಿದೆ. ಹಣವೂ ಫೋನಿನೊಳಗೇ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿದಾಗ ಕಂಬಗಳೇ ಉಳಿಯದ ಊರುಗಳಿದ್ದವು. ಅಂಥ ಹೊತ್ತಿನಲ್ಲಿ ಇನ್ವರ್ಟರ್‌ಗೆ ಮರುಜೀವ ಕೊಡುವ ಕರೆಂಟೂ ಇರುವುದಿಲ್ಲ.

ಕೈಗೆ ಸಿಗುವ ಜಾಗ

ಹಾಗಾದರೆ ಏನು ಮಾಡಬೇಕು? ಉರಿಯುವ ಮನೆಗೆ ಬಾವಿ ತೋಡುವ ಬದಲು ಮೊದಲೇ ಮಾಡಿಡಬೇಕಾದದ್ದು ಹೆಚ್ಚೇನಿಲ್ಲ. ಟಾರ್ಚು, ಮೇಣದ ಬತ್ತಿ, ಬೆಂಕಿಪೊಟ್ಟಣ, ಚಾರ್ಜ್ ಆದ ಪವರ್ ಬ್ಯಾಂಕ್, ಒಂದಿಷ್ಟು ನೋಟು, ಔಷಧದ ಚೀಟಿ, ಇವಿಷ್ಟೂ ಒಂದೇ ಕಡೆ ಇರಲಿ. ಆ ಜಾಗ ಮನೆಯ ಎಲ್ಲರಿಗೂ, ಚಿಕ್ಕ ಮಗುವಿಗೂ ಗೊತ್ತಿರಲಿ. ದೊಡ್ಡ ಮಳೆಯ ಮುನ್ಸೂಚನೆ ಕಂಡಾಗ ಕುಡಿಯುವ ನೀರು ಹಿಡಿದಿಡಿ. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಮೋಟಾರು, ಟಿ.ವಿ.ಗಳ ಸ್ವಿಚ್ ಆರಿಸಿ, ಕರೆಂಟು ಮರಳಿದ್ದು ತಿಳಿಯಲು ಒಂದು ದೀಪದ ಸ್ವಿಚ್ ಮಾತ್ರ ಹಾಕಿಡಿ. ಜನರೇಟರನ್ನು ಮನೆಯೊಳಗೆ ಓಡಿಸಬಾರದು, ಅದರ ಹೊಗೆ ಪ್ರಾಣ ತೆಗೆಯುತ್ತದೆ. ತುಂಡಾದ ತಂತಿ ಕಂಡರೆ ಹತ್ತಿರ ಹೋಗದೆ, ಯಾರನ್ನೂ ಹೋಗಗೊಡದೆ 1912ಕ್ಕೆ ಕರೆ ಮಾಡಿ.

ಇಷ್ಟನ್ನು ಒಮ್ಮೆ ಜೋಡಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಲಾಟೀನು ಯಾವಾಗಲೂ ಸಿದ್ಧವಾಗಿರುತ್ತಿದ್ದದ್ದು ಅದು ದಿನವೂ ಉರಿಯುತ್ತಿದ್ದುದರಿಂದ. ಆಪತ್ತಿಗೆಂದೇ ಎತ್ತಿಟ್ಟ ಟಾರ್ಚಿನಲ್ಲಿ ಸೆಲ್ಲು ಸೋರಿ ತುಕ್ಕು ಹಿಡಿಯುತ್ತದೆ, ಇನ್ವರ್ಟರಿನ ಬ್ಯಾಟರಿಯಲ್ಲಿ ಡಿಸ್ಟಿಲ್ಡ್ ವಾಟರ್ ಬತ್ತುತ್ತದೆ. ಬಳಸದ ವಸ್ತುವಿಗೆ ಒಂದು ದಿನವನ್ನಾದರೂ ಗೊತ್ತು ಮಾಡಬೇಕು. ಅಮಾವಾಸ್ಯೆಯಂದು ಗಾಡಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಮಾಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದೇ ದಿನ ಟಾರ್ಚು ಒಮ್ಮೆ ಹಚ್ಚಿ ನೋಡುವುದು, ಬ್ಯಾಟರಿಯ ನೀರಿನ ಮಟ್ಟ ನೋಡುವುದು ಹತ್ತು ನಿಮಿಷದ ಕೆಲಸ. ಮನೆಯ ಹೆಂಗಸರೇ ಮಾಡಬೇಕೆಂದೂ ಇಲ್ಲ.

ಅಜ್ಜಿ ಈಗಿಲ್ಲ. ಆ ಮನೆಯಲ್ಲೂ ಇನ್ವರ್ಟರ್ ಬಂದಿದೆ. ಕಳೆದ ಮಳೆಗಾಲದ ಒಂದು ರಾತ್ರಿ ಅದೂ ಕೀಂಗುಟ್ಟಿ ನಿಂತಿತು. ಮೊಬೈಲಿಗಾಗಿ ಎಲ್ಲರೂ ತಡಕಾಡುತ್ತಿದ್ದಾಗ ಚಿಕ್ಕಪ್ಪ ಕತ್ತಲಲ್ಲೇ ಎದ್ದು, ಹಳೆಯ ರೇಡಿಯೋ ಇದ್ದ ಹಲಗೆಯ ಮೂಲೆಗೆ ಕೈ ಚಾಚಿದರು. ದಾರ ಸುತ್ತಿದ ಬೆಂಕಿಪೊಟ್ಟಣ ಅಲ್ಲೇ ಇತ್ತು.