ಇಬ್ಬರ ಮನೆಯಲ್ಲಿ ಮೂರು ಕೂಗು

ಜನಗಣತಿಯವರ ಲೆಕ್ಕದಲ್ಲಿ ಕುಟುಂಬವನ್ನು ಗುರುತಿಸುವುದು ರಕ್ತಸಂಬಂಧದಿಂದಲ್ಲ, ಅಡುಗೆಮನೆಯಿಂದ. ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೆ ಎರಡು. ರೇಷನ್ ಕಾರ್ಡಿನದೂ ಹೆಚ್ಚುಕಡಿಮೆ ಇದೇ ನ್ಯಾಯ. ಹೊಸದಾಗಿ ಮದುವೆಯಾದವನು ಪಟ್ಟಣದಲ್ಲಿ ಸಂಸಾರ ಹೂಡಬೇಕಾದರೆ ಮೊದಲು ಊರಿನ ಕಾರ್ಡಿನಿಂದ ಹೆಸರು ತೆಗೆಸಬೇಕಿತ್ತು, ಆ ಪತ್ರ ಹಿಡಿದು ಪಟ್ಟಣದ ಆಫೀಸಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಕಾರ್ಡು ಕೈಗೆ ಬಂದಮೇಲೆ ಸಕ್ಕರೆ, ಸೀಮೆಎಣ್ಣೆ. ಅಕ್ಷತೆ ಬಿದ್ದರೆ ಸಾಲದು, ಸರ್ಕಾರದ ಮೊಹರೂ ಬೀಳಬೇಕು.

ಬೆಂಗಳೂರಿನಲ್ಲಿ ಇಂಥ ಇಬ್ಬರದೇ ಮನೆಗಳು ಗುಂಪುಗುಂಪಾಗಿ ಹುಟ್ಟಿದ್ದು ಕಾರ್ಖಾನೆಗಳ ಕಾಲದಲ್ಲಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1941ರಲ್ಲಿ 4 ಲಕ್ಷದಷ್ಟಿದ್ದ ಊರಿನ ಜನಸಂಖ್ಯೆ ಹತ್ತೇ ವರ್ಷದಲ್ಲಿ 7.8 ಲಕ್ಷದ ಹತ್ತಿರ ಬಂತು. ತುಮಕೂರು, ಹಾಸನ, ಮಂಡ್ಯ, ಕೋಲಾರದ ಕಡೆಯಿಂದ ಬಂದ ಹುಡುಗರು ಮೊದಲು ರೂಮು ಹಿಡಿದರು, ಹೋಟೆಲಿನಲ್ಲಿ ಉಂಡರು, ಮದುವೆಯಾದ ಮೇಲೆ ಮನೆ ಹುಡುಕಿದರು. ಅದೃಷ್ಟವಿದ್ದವರಿಗೆ ಕಂಪನಿ ಕ್ವಾರ್ಟರ್ಸ್. ಉಳಿದವರಿಗೆ ವಠಾರ: ಸಾಲು ಮನೆಗಳು, ಎಲ್ಲರಿಗೂ ಒಂದೇ ನಲ್ಲಿ, ಗೋಡೆಯಾಚೆಯ ಒಗ್ಗರಣೆ ಈಚೆಯವರಿಗೂ ಗೊತ್ತು. ಆ ಬದುಕನ್ನು ನೋಡಬೇಕೆಂದರೆ ಫಣಿ ರಾಮಚಂದ್ರ ಅವರ 1990ರ ‘ಗಣೇಶನ ಮದುವೆ’ ಸಿನಿಮಾ ಇದ್ದೇ ಇದೆ.

ಹಳ್ಳಿಯ ದೊಡ್ಡ ಮನೆಯಿಂದ ಬಂದ ಹುಡುಗಿಗೆ ಇಲ್ಲಿ ಎದುರಾದ ಮೊದಲ ತೊಂದರೆ ಅಳತೆಯದು. ಅವಳು ಕಲಿತದ್ದು ಹನ್ನೆರಡು ಜನಕ್ಕೆ ಸಾರು ಮಾಡುವುದನ್ನು. ಇಬ್ಬರಿಗೆ ಎಷ್ಟು ಬೇಳೆ, ಎಷ್ಟು ಹುಣಸೆಹಣ್ಣು? ಅತ್ತೆಯನ್ನು ಕೇಳೋಣವೆಂದರೆ ಅತ್ತೆಗೂ ಗೊತ್ತಿಲ್ಲ, ಅವರೂ ಎಂದೂ ಇಬ್ಬರಿಗೆಂದು ಅಡುಗೆ ಮಾಡಿದವರಲ್ಲ. ಮಿಕ್ಕ ಅನ್ನ ಮರುದಿನ ಚಿತ್ರಾನ್ನವಾಗುತ್ತಿತ್ತು, ಚಿತ್ರಾನ್ನ ವಾರಕ್ಕೆ ನಾಲ್ಕು ಸಲವಾಗುತ್ತಿತ್ತು. ಮದ್ರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ‘ಸಮೈತ್ತು ಪಾರ್’ ಎಂಬ ತಮಿಳು ಪಾಕಪುಸ್ತಕ ಪ್ರಕಟಿಸಿದ್ದು ಹೀಗೆ ಹಿರಿಯರಿಲ್ಲದ ಮನೆಯಲ್ಲಿ ಒಲೆ ಹಚ್ಚುವ ಹೆಣ್ಣುಮಕ್ಕಳಿಗಾಗಿಯೇ. ಕನ್ನಡದಲ್ಲಿ ಪಾಕಶಾಸ್ತ್ರಕ್ಕೇನೂ ಕೊರತೆಯಿರಲಿಲ್ಲ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಹದಿನಾರನೇ ಶತಮಾನದ್ದು. ಆದರೆ ಅದು ಅರಮನೆಯ ರುಚಿಗೆ ಬರೆದದ್ದು. ಎಂಟು ಅಡಿಯ ಅಡುಗೆಮನೆಯಲ್ಲಿ, ಗಂಡ ಕಾರ್ಖಾನೆಯ ಬಸ್ಸು ಹಿಡಿಯುವುದರೊಳಗೆ ಏನಾದರೂ ಬೇಯಿಸಬೇಕಾದವಳಿಗೆ ಅದರಿಂದ ಏನು ಪ್ರಯೋಜನ?

ಬೇಯಿಸುವುದಾದರೂ ಯಾವುದರ ಮೇಲೆ? ಸೌದೆ ಡಿಪೋದಿಂದ ತಂದ ಸೌದೆ ಬಚ್ಚಲ ಹಂಡೆಗೆ ಸರಿ, ಹೊಗೆಯನ್ನು ಬಾಡಿಗೆ ಮನೆಯ ಓನರ್ ಒಪ್ಪುತ್ತಿರಲಿಲ್ಲ. ಇದ್ದಿಲ ಒಲೆ ಕಾವೇರುವ ಹೊತ್ತಿಗೆ ಎಂಟು ಗಂಟೆ. ಮರದ ಹೊಟ್ಟನ್ನು ಒತ್ತಿ ತುಂಬುವ ಒಲೆ ಅಗ್ಗ, ಆದರೆ ಒಮ್ಮೆ ಹತ್ತಿಸಿದರೆ ಅದು ಉರಿದು ಮುಗಿಯುವವರೆಗೆ ಅದರ ಮರ್ಜಿ. ಹಾಗಾಗಿ ಎಲ್ಲರೂ ಬಂದು ನಿಂತದ್ದು ಸೀಮೆಎಣ್ಣೆಗೆ. ಗಾಳಿ ಒತ್ತಿ ಉರಿಸುವ ಪಂಪ್ ಸ್ಟವ್, ಇಲ್ಲವೇ ಬತ್ತಿ ಸ್ಟವ್. ಪಂಪ್ ಸ್ಟವ್ ಇಟ್ಟುಕೊಂಡವರು ಅದರ ತೂತು ಬಿಡಿಸುವ ಪಿನ್ನನ್ನು ತಾಳಿಯಷ್ಟೇ ಜೋಪಾನ ಮಾಡುತ್ತಿದ್ದರು.

ಈ ಮನೆಗಳ ನಿಜವಾದ ಹಿರಿಯ ಬಂದದ್ದು 1959ರಲ್ಲಿ. ಆ ವರ್ಷ ಮುಂಬಯಿಯಲ್ಲಿ ಹಾಕಿನ್ಸ್ ಶುರುವಾಯಿತು, ಟಿಟಿಕೆಯವರ ಪ್ರೆಸ್ಟೀಜ್ ಕುಕ್ಕರ್ ಕೂಡ ಅದೇ ವರ್ಷ ಮಾರುಕಟ್ಟೆ ಕಂಡಿತು. ಪ್ರೆಸ್ಟೀಜ್ ಕಾರ್ಖಾನೆ ಇದ್ದದ್ದು ಬೆಂಗಳೂರಿನಲ್ಲೇ, ಐಟಿಐ ಇದ್ದ ದೂರವಾಣಿನಗರದಲ್ಲಿ. ಒತ್ತಡದಲ್ಲಿ ಬೇಯಿಸುವ ಪಾತ್ರೆ ಹೊಸದಲ್ಲ, ಡೆನಿಸ್ ಪಾಪಿನ್ 1679ರಲ್ಲೇ ಲಂಡನ್ನಿನಲ್ಲಿ ಮಾಡಿ ತೋರಿಸಿದ್ದ. ಕಲ್ಕತ್ತದ ಇಂದುಮಾಧವ ಮಲ್ಲಿಕ್ 1910ರಲ್ಲಿ ಇದ್ದಿಲು ಮತ್ತು ಹಬೆಯ ‘ಇಕ್ಮಿಕ್ ಕುಕ್ಕರ್’ ತಯಾರಿಸಿದ್ದರು. ಆದರೆ ಬೆಂಗಳೂರಿಗೆ ಕುಕ್ಕರಿನ ಅಗತ್ಯ ಒಂದು ಗುಂಜಿ ಹೆಚ್ಚೇ ಇತ್ತು. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಬಿಸಿಯಾಗುವುದಿಲ್ಲ. ತೊಗರಿಬೇಳೆ ಅಷ್ಟಕ್ಕೆಲ್ಲ ಬಗ್ಗುವ ಪೈಕಿಯಲ್ಲ. ಮುಚ್ಚಳ ಬಿಗಿದ ಕುಕ್ಕರಿನೊಳಗೆ ಕಾವು 120 ಡಿಗ್ರಿಯವರೆಗೆ ಏರುತ್ತದೆ. ತಳದಲ್ಲಿ ಎರಡು ಲೋಟ ನೀರು, ಕೆಳಗಿನ ಪಾತ್ರೆಯಲ್ಲಿ ಚಿಟಿಕೆ ಅರಿಸಿನ ಮತ್ತು ಒಂದು ತೊಟ್ಟು ಎಣ್ಣೆ ಬಿಟ್ಟ ಬೇಳೆ, ಮೇಲಿನದರಲ್ಲಿ ಅಕ್ಕಿ. ಮುಚ್ಚಳದ ನಳಿಕೆಯಿಂದ ಹಬೆ ನೆಟ್ಟಗೆ ಬಂದಮೇಲೆ ವೆಯ್ಟ್. ಮೂರು ಕೂಗು ಕೂಗಿದರೆ ಎರಡೂ ಮುಗಿಯಿತು, ಒಂದೇ ಉರಿಯಲ್ಲಿ.

ಆ ಕೂಗೇ ಗಡಿಯಾರವಾಯಿತು. ಸ್ನಾನಕ್ಕೆ ಹೋಗುವ ಹೆಂಡತಿ ಗಂಡನಿಗೆ ಹೇಳುತ್ತಿದ್ದಳು: “ರೀ, ಮೂರು ಕೂಗಾದ ಮೇಲೆ ಆರಿಸಿಬಿಡಿ.” ಒಲೆಯ ಕಡೆ ತಲೆ ಹಾಕದ ಗಂಡಸು ಅಡುಗೆಮನೆಯಲ್ಲಿ ಪಡೆದ ಮೊದಲ ಹುದ್ದೆ ಇದು. ಎಣಿಕೆ ತಪ್ಪುವುದೂ ಇತ್ತು. ಗ್ಯಾಸ್ಕೆಟ್ ಸಡಿಲವಾಗಿ ಬೇಳೆ ಸೂರಿಗೆ ಹಾರಿದ ಕತೆ ಪ್ರತಿ ಬೀದಿಯಲ್ಲೂ ಒಂದಿತ್ತು.

ಗಂಡಸರ ಎರಡನೆಯ ಪ್ರವೇಶ ಇನ್ನೂ ಸ್ವಾರಸ್ಯದ್ದು. ದೊಡ್ಡ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹೊರಗೆ ಕೂತರೆ ಅತ್ತೆಯೋ ಓರಗಿತ್ತಿಯೋ ಒಲೆ ನೋಡಿಕೊಳ್ಳುತ್ತಿದ್ದರು. ಇಬ್ಬರ ಮನೆಯಲ್ಲಿ ಇದ್ದದ್ದು ಎರಡೇ ದಾರಿ, ಗಂಡ ಸೌಟು ಹಿಡಿಯಬೇಕು ಅಥವಾ ಆ ಪದ್ಧತಿಯನ್ನೇ ಬಿಡಬೇಕು. ಎಷ್ಟೋ ಮನೆಗಳಲ್ಲಿ ಮೊದಲು ಅವನು ಹೊಸ್ತಿಲಾಚೆಯಿಂದ ಬಂದ ಸೂಚನೆ ಕೇಳಿಕೊಂಡು ಸಾರು ಮಾಡಿದ. ಕೆಲವು ತಿಂಗಳಿಗೆ ಅವನಿಗೂ ಸಾಕಾಯಿತು, ಅವಳಿಗೂ ಸಾಕಾಯಿತು. ಪದ್ಧತಿ ತಾನಾಗಿ ಬಿಟ್ಟುಹೋಯಿತು, ಊರಿಗೆ ಹೋದಾಗ ಮಾತ್ರ ನೆನಪಾಗುತ್ತಿತ್ತು. ಸುಧಾರಕರ ಭಾಷಣಗಳಿಗಿಂತ ಈ ಅನನುಕೂಲವೇ ಹೆಚ್ಚು ಕೆಲಸ ಮಾಡಿತೆಂದು ಕಾಣುತ್ತದೆ.

ಎಲ್ಲ ಅಡುಗೆಯೂ ಹೊಸ ಮನೆಗೆ ಸಲೀಸಾಗಿ ಬರಲಿಲ್ಲ. ರಾಗಿಮುದ್ದೆಯನ್ನೇ ನೋಡಿ. ನೆಲದ ಒಲೆಯ ಮುಂದೆ ಕೂತವಳು ಕವೆಗೋಲನ್ನು ಪಾತ್ರೆಯ ಕಂಠಕ್ಕೆ ಕೊಟ್ಟು, ಅದರ ಹಿಡಿಗಳನ್ನು ಎರಡೂ ಪಾದದಿಂದ ಅದುಮಿ, ಖಾಲಿಯಾದ ಎರಡೂ ಕೈಯಿಂದ ಮುದ್ದೆಕೋಲು ತಿರುವುತ್ತಾಳೆ. ಇಡೀ ಮೈಯ ಭಾರ ಹಿಟ್ಟಿಗೆ ಬೀಳಬೇಕು, ಆಗಲೇ ಗಂಟಿಲ್ಲದ ಮುದ್ದೆ. ಕ್ವಾರ್ಟರ್ಸಿನಲ್ಲಿ ಒಲೆ ಸೊಂಟದೆತ್ತರದ ಕಟ್ಟೆ ಏರಿತು. ಕಾಲಿಗೆ ಕೆಲಸವಿಲ್ಲ, ಪಾತ್ರೆ ಕೋಲಿನ ಜೊತೆಗೇ ಗಿರಗಿರನೆ ಸುತ್ತುತ್ತದೆ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಕೋಲು. ಎರಡೇ ಮುದ್ದೆಯಾದ್ದರಿಂದ ಹೇಗೋ ನಡೆಯಿತು. ಹಾಗಿದ್ದೂ ಮಂಡ್ಯದ ಕಡೆಯ ಕೆಲವು ಹುಡುಗಿಯರು ಗ್ಯಾಸು ಬಂದಮೇಲೂ ಮುದ್ದೆಗೆಂದೇ ಸ್ಟವ್ವನ್ನು ನೆಲಕ್ಕಿಳಿಸಿಕೊಂಡು ಕೂರುತ್ತಿದ್ದರು. ಧಾರವಾಡ, ಹುಬ್ಬಳ್ಳಿಯಿಂದ ಬಂದವರು ದಿನಾ ರೊಟ್ಟಿ ಬಡಿಯುವ ಗೋಜನ್ನು ಅಷ್ಟಿಷ್ಟಾಗಿ ಬಿಟ್ಟರು. ಕಟಕ ರೊಟ್ಟಿ, ಶೇಂಗಾ ಚಟ್ನಿ ರಾತ್ರಿ ಬಸ್ಸಿನಲ್ಲಿ ಊರಿಂದ ಬರುತ್ತಿದ್ದವು.

ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿಯೂ ಊರಿಂದಲೇ ಬರುತ್ತಿತ್ತು. ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯ, ಜೀರಿಗೆ ಎಲ್ಲ ಹುರಿದು ಕುಟ್ಟಿದ್ದು ತಾಯಿ, ಮುಚ್ಚಳ ತೆಗೆಯುವುದಷ್ಟೇ ಮಗಳ ಪಾಲು. ಹಾಗೆ ಪುಡಿ ಬಾರದ ಮನೆಗಳೇ ಎಂಟಿಆರ್‌ಗೆ ದೊಡ್ಡ ಮಾರುಕಟ್ಟೆಯಾದವು. ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲು, 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಮಿತಿ ಹಾಕಿದಾಗ ಬಾಗಿಲು ಹಾಕಿತು. ಕೆಲಸಗಾರರನ್ನು ಕೈಬಿಡದೆ ಪುಡಿಗಳನ್ನೂ ರವೆ ಇಡ್ಲಿ ಮಿಕ್ಸನ್ನೂ ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿಯಿತು. ಹೋಟೆಲು ಮತ್ತೆ ತೆರೆದದ್ದು 1984ರಲ್ಲಿ. ಅಷ್ಟರಲ್ಲಿ ಪೊಟ್ಟಣಗಳು ಅಡುಗೆಮನೆಯ ಗೂಡಿನಲ್ಲಿ ಕಾಯಂ ಆಗಿದ್ದವು. ಅತ್ತೆ ಬರುವ ದಿನ ಅವು ಡಬ್ಬದ ಹಿಂದೆ ಹೋಗುತ್ತಿದ್ದವು, ಆ ಮಾತು ಬೇರೆ.

ಇದೇ ಅಡುಗೆಮನೆಗೆ ಇನ್ನೊಂದು ಮುಖವಿದೆ, ಅದನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. ಎಪ್ಪತ್ತು, ಎಂಬತ್ತರ ದಶಕದ ಪತ್ರಿಕೆಗಳಲ್ಲಿ ‘ಸ್ಟವ್ ಸಿಡಿದು ನವವಿವಾಹಿತೆ ಸಾವು’ ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಸ್ಟವ್ ಸಿಡಿಯುವುದು ಸುಳ್ಳಲ್ಲ. ಆದರೆ ಸಿಡಿದಾಗಲೆಲ್ಲ ಸೊಸೆಯೇ ಯಾಕೆ ಸುಡುತ್ತಾಳೆ ಎಂದು ಮಹಿಳಾ ಸಂಘಟನೆಗಳು ಕೇಳಿದವು. ವರದಕ್ಷಿಣೆಯ ಕೊಲೆ ಎಷ್ಟೋ ಸಲ ಸೀಮೆಎಣ್ಣೆಯ ಹೊಗೆಯಲ್ಲಿ ಅಡಗಿತ್ತು. 1983ರಲ್ಲಿ ದಂಡಸಂಹಿತೆಗೆ ಕ್ರೌರ್ಯದ ಕಲಂ 498ಎ, 1986ರಲ್ಲಿ ವರದಕ್ಷಿಣೆ ಸಾವಿನ ಕಲಂ 304ಬಿ ಸೇರಿದ್ದಕ್ಕೆ ಈ ಸಾವುಗಳೇ ಕಾರಣ.

ಗ್ಯಾಸ್ ದೇಶಕ್ಕೆ ಬಂದದ್ದು ಮೊದಲೇ. 1955ರಲ್ಲಿ ಮುಂಬಯಿಯಲ್ಲಿ ಬರ್ಮಾ ಶೆಲ್, 1965ರಲ್ಲಿ ಕಲ್ಕತ್ತದಲ್ಲಿ ಇಂಡೇನ್‌ನ ಮೊದಲ ಸಂಪರ್ಕ. ಆದರೆ ಸಾಮಾನ್ಯರಿಗೆ ಅದು ವರ್ಷಗಟ್ಟಲೆ ಸರದಿ. ಸಂಸದರ ಕೋಟಾದ ಕೂಪನ್ ಸಿಕ್ಕವನು ಪುಣ್ಯವಂತ. ಜಾಣ ಮಾವಂದಿರು ಮಗಳ ಮದುವೆ ಗೊತ್ತಾಗುವ ಮುಂಚೆಯೇ ಹೆಸರು ಬರೆಸಿಡುತ್ತಿದ್ದರು. 1993ರಲ್ಲಿ ಖಾಸಗಿಯವರಿಗೂ ಅವಕಾಶ ಸಿಕ್ಕಮೇಲೆ ಸರದಿ ಕರಗತೊಡಗಿತು. 14.2 ಕೆಜಿಯ ಸಿಲಿಂಡರ್ ಇಬ್ಬರಿಗೆ ಎರಡು ತಿಂಗಳು ಆರಾಮಾಗಿ ಬರುತ್ತದೆ, ಇಲ್ಲಿ ಮಾತ್ರ ಸಣ್ಣ ಸಂಸಾರದ್ದೇ ಗೆಲುವು.

ಮುಂದಿನದು ಬೇಗ ನಡೆಯಿತು. ಮಿಕ್ಸಿ ಬಂದು ಒರಳನ್ನು ಹಿತ್ತಲಿಗೆ ಕಳಿಸಿತು. ಕಾರ್ಖಾನೆಗಳ ಜಾಗದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬಂದವು, ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೊರಟರು, ಒಬ್ಬರದು ಹಗಲು ಪಾಳಿಯಾದರೆ ಇನ್ನೊಬ್ಬರದು ರಾತ್ರಿ. 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ‘ಐಡಿ’ ಹೆಸರಿನಲ್ಲಿ ದೋಸೆ ಹಿಟ್ಟಿನ ಪ್ಯಾಕೆಟ್ ಮಾರತೊಡಗಿದರು, ನೆನೆಸಿ ರುಬ್ಬುವ ಕೆಲಸವೂ ಮನೆಯಿಂದ ಹೊರಗೆ ಹೋಯಿತು. 2014ರಲ್ಲಿ ಇದೇ ಊರಿನಲ್ಲಿ ಸ್ವಿಗ್ಗಿ ಹುಟ್ಟಿದ ಮೇಲೆ ಒಲೆ ಹಚ್ಚದಿದ್ದರೂ ಊಟ ಬರುತ್ತದೆ. ಆದರೂ ಬೆಳ್ಳಂದೂರಿನ ಫ್ಲ್ಯಾಟುಗಳಲ್ಲಿ ಎರಡು ಲೀಟರಿನ ಪುಟ್ಟ ಕುಕ್ಕರ್ ಇದ್ದೇ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದ ದಿನ ಅದರಲ್ಲಿ ಎರಡು ಸಲ ಅನ್ನವಿಡಬೇಕು, ಇಲ್ಲವೇ ಪಕ್ಕದ ಮನೆಯ ಐದು ಲೀಟರಿನದನ್ನು ಕೇಳಿ ತರಬೇಕು. ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ದೊಡ್ಡ ಕುಕ್ಕರುಗಳು ಅಟ್ಟದ ಮೇಲೆ, ಡಬ್ಬಿಯ ಅಂಟುಪಟ್ಟಿ ಕೂಡ ಬಿಚ್ಚದೆ ಕೂತಿರುತ್ತವೆ.