ಅಮೆರಿಕದ ಕಾರು, ಮಲೆನಾಡಿನ ಮೇಸ್ತ್ರಿ

ಶಿವಮೊಗ್ಗದಿಂದ ಹೊರಟ ರೈಲು ಆನಂದಪುರ, ಸಾಗರಗಳನ್ನು ಹಾದು ತಾಳಗುಪ್ಪದಲ್ಲಿ ನಿಂತಿತು. ಶಿಕಾರಿಪುರಕ್ಕೂ ಸೊರಬಕ್ಕೂ ಇಪ್ಪತ್ತನೆಯ ಶತಮಾನ ಮುಗಿಯುವವರೆಗೆ ಅದು ಬರಲೇ ಇಲ್ಲ. ಎತ್ತಿನ ಗಾಡಿಯ ತರುವಾಯ ನಮ್ಮ ಎರಡು ತಾಲ್ಲೂಕುಗಳ ಜನರನ್ನು ಹೊತ್ತು ತಿರುಗಿದ್ದು ಮೋಟಾರು. ಆ ಮೋಟಾರಿನ ಆರಂಭದ ದಶಕಗಳಲ್ಲಿ ಅಮೆರಿಕದ ಫೋರ್ಡ್, ಷೆವ್ರೊಲೆ, ಡಾಡ್ಜ್‌ಗಳದೇ ದೊಡ್ಡ ಪಾಲು.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಪತ್ರ ಬರೆದಿದ್ದರು. ಅಲ್ಲಿಯವರು ಐವತ್ತು ವರ್ಷ ಹಳೆಯ ಕಾರನ್ನು ಕೊಂಡು, ಬಿಚ್ಚಿ, ಹೊಸ ಎಂಜಿನ್, ಹೊಸ ಬ್ರೇಕು ಕೂಡಿಸಿ ಬಾಣದಂತೆ ಓಡಿಸುತ್ತಾರಂತೆ. ‘ಮೇಷ್ಟ್ರೇ, ನಮ್ಮ ಕಡೆ ಇಂಥ ಹುಚ್ಚು ಏಕೆ ಹುಟ್ಟಲಿಲ್ಲ?’ ಎಂಬುದು ಅವರ ಪ್ರಶ್ನೆ. ಹುಟ್ಟಿತ್ತು. ಆದರೆ ಅವರ ಹುಚ್ಚು ವೇಗದ್ದು, ನಮ್ಮದು ಮೈಲೇಜಿನದು.

ಮೊದಲು ಅವರ ಕಥೆ. 1932ರಲ್ಲಿ ಹೆನ್ರಿ ಫೋರ್ಡ್ ಸಾಮಾನ್ಯರೂ ಕೊಳ್ಳಬಹುದಾದ ಬೆಲೆಗೆ ಎಂಟು ಸಿಲಿಂಡರಿನ ವಿ-8 ಕಾರು ತಂದರು. ಶಕ್ತಿ 65 ಅಶ್ವಶಕ್ತಿ. ಕ್ಯಾಲಿಫೋರ್ನಿಯಾದ ಹುಡುಗರು ಇವುಗಳನ್ನು ಹಳೆಯದಾದ ಮೇಲೆ ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಕಿತ್ತು ಭಾರ ಇಳಿಸಿ, ಸಿಲಿಂಡರ್ ಬೋರ್ ಮಾಡಿಸಿ, ಕಾರ್ಬುರೇಟರ್ ಹೆಚ್ಚಿಸಿ, ಒಣಗಿದ ಕೆರೆಗಳ ಬಯಲಿನಲ್ಲಿ ಪಂದ್ಯ ಓಡಿಸಿದರು. 1937ರಲ್ಲಿ ಅದಕ್ಕೊಂದು ಸಂಘ, 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಪತ್ರಿಕೆ. ಹುಡುಗರ ಕೈಚಳಕ ಕಂಪನಿಗಳಿಗೂ ಕಂಡಿತು. 1964ರ ಮಾದರಿಯ ಪಾಂಟಿಯಾಕ್ ಜಿಟಿಓ ಮಧ್ಯಮ ಗಾತ್ರದ ಕಾರು. ಅಂಥ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟಾರ್ಸ್ ತಾನೇ ನಿಯಮ ಮಾಡಿಕೊಂಡಿತ್ತು. ಪಾಂಟಿಯಾಕಿನ ಎಂಜಿನಿಯರುಗಳು 389 ಘನ ಅಂಗುಲದ, ಎಂದರೆ ಸುಮಾರು 6.4 ಲೀಟರಿನ ಎಂಜಿನ್ನನ್ನು ‘ಬೇಕಾದವರಿಗೆ ಮಾತ್ರ’ ಎಂಬ ಹೆಸರಿನಲ್ಲಿ ಒಳಗೆ ತೂರಿಸಿದರು. ನಿಯಮದ ಸಂದಿಯಲ್ಲಿ ನುಸುಳುವುದು ನಮ್ಮವರಿಗೆ ಮಾತ್ರ ಗೊತ್ತೆಂದು ತಿಳಿಯಬೇಡಿ! ಅದರ ಶಕ್ತಿ 325 ಅಶ್ವಶಕ್ತಿ. ಅದೇ ಕಾಲದ ನಮ್ಮ ಅಂಬಾಸಡರಿನದು ಐವತ್ತರ ಆಸುಪಾಸು. ‘ಮಸಲ್ ಕಾರು’, ಎಂದರೆ ಕಸುವಿನ ಕಾರು, ಎಂಬ ಹೆಸರು ಹಬ್ಬಿದ್ದು ಇಂಥವುಗಳಿಂದ.

ಈ ಕಸುವಿನ ಕಾರುಗಳು ಭಾರತಕ್ಕೆ ಬರಲಿಲ್ಲ. ಬಂದದ್ದು ಅವುಗಳ ಹಿರಿಯಣ್ಣಂದಿರು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸಲಾರಂಭಿಸಿತು. ನಮ್ಮಲ್ಲೇ ಕಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆ ಹಾಕಿ, ಯೂರೋಪು, ಅಮೆರಿಕ ಸುತ್ತಿ ಬಂದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಅದೇ ಕನಸನ್ನು ಹಿಡಿದ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್, 1947ರಿಂದ ಮುಂಬಯಿಯಲ್ಲಿ ಕ್ರೈಸ್ಲರ್ ಬಳಗದ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳನ್ನು ಜೋಡಿಸಿತು. ಇಲ್ಲಿಯೇ ಬಿಡಿಭಾಗ ತಯಾರಿಸುವ ಕಾರ್ಯಕ್ರಮ ಇಲ್ಲದವರಿಗೆ ಅವಕಾಶವಿಲ್ಲವೆಂದು ಭಾರತ ಸರ್ಕಾರ 1953ರಲ್ಲಿ ನಿರ್ಧರಿಸಿದಾಗ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಅಂಗಡಿ ಮುಚ್ಚಿದವು. ಕಾರುಗಳು ಉಳಿದವು, ಅವುಗಳ ಬಿಡಿಭಾಗ ಬರುವ ದಾರಿ ಕಿರಿದಾಯಿತು.

ಮೇಸ್ತ್ರಿಗಳ ವಿದ್ಯೆ ಬೆಳೆದದ್ದು ಇಲ್ಲಿಂದ. ಅದರ ಮೊದಲ ಪಾಠವನ್ನು ಮಾತ್ರ ಅವರು ಯುದ್ಧಕಾಲದಲ್ಲೇ ಕಲಿತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸಿದರು. ನಮ್ಮ ತಂದೆಯವರ ತಲೆಮಾರಿನವರು ‘ಇದ್ದಿಲು ಬಸ್ಸು’ ಎಂದು ಹೇಳುತ್ತಿದ್ದುದು ಇದನ್ನೇ. ಸಾಲದಷ್ಟು ಗಾಳಿಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಎಂಜಿನ್ನಿಗೆ ಅದೇ ಆಹಾರ. ಆ ಅನಿಲದಲ್ಲಿ ಉರಿಯದ ಸಾರಜನಕವೇ ಹೆಚ್ಚಾದ್ದರಿಂದ ಶಕ್ತಿ ಮೂರರಲ್ಲೊಂದು ಭಾಗಕ್ಕಿಂತಲೂ ಹೆಚ್ಚು ಕುಸಿಯುತ್ತಿತ್ತು, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು. 1923ರಿಂದ ಭದ್ರಾವತಿಯ ಕುಲುಮೆಗೆ ಇದ್ದಿಲು ಒದಗಿಸಿದ ಮಲೆನಾಡಿಗೆ ಇದ್ದಿಲಿನ ಬರವಂತೂ ಇರಲಿಲ್ಲ.

ನನ್ನ ಬಾಲ್ಯಕ್ಕೆ ಇದ್ದಿಲು ಮುಗಿದು ಡೀಸೆಲ್ ಬಂದಿತ್ತು. ಸೊರಬದಿಂದ ಶಿರಾಳಕೊಪ್ಪದ ಕಡೆಗೆ, ಚಂದ್ರಗುತ್ತಿಯ ಜಾತ್ರೆಗೆ, ಮದುವೆಯ ದಿಬ್ಬಣಕ್ಕೆ ಬರುತ್ತಿದ್ದ ಆನೆಗಾತ್ರದ ಪ್ಲಿಮತ್ ಟ್ಯಾಕ್ಸಿ ನೋಡಲು ಸಾಹೇಬರ ಕಾರು, ಸದ್ದು ಮಾತ್ರ ಲಾರಿಯದು. ಹಳೆಯ ಪೆಟ್ರೋಲ್ ಎಂಜಿನ್ ಇಳಿಸಿ, ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್‌ನಂಥ ಡೀಸೆಲ್ ಎಂಜಿನ್ ಏರಿಸುವ ಪದ್ಧತಿ ಅದು.

ಹೇಳಿದಷ್ಟು ಸುಲಭದ ಕೆಲಸವಲ್ಲ. ಎಂಜಿನ್ ಕೂರುವ ಬ್ರಾಕೆಟ್‌ಗಳನ್ನು ಹೊಸದಾಗಿ ಬೆಸೆಯಬೇಕು. ಎಂಜಿನ್ನಿನ ಹಿಂಬದಿಯ ತೂತುಗಳಿಗೂ ಗೇರ್‌ಬಾಕ್ಸಿನ ತೂತುಗಳಿಗೂ ಹೊಂದಿಕೆಯಿಲ್ಲದ ಕಾರಣ ನಡುವೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಲೇತಿನಲ್ಲಿ ಕೊರೆಸಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು, ಬೇರಿಂಗು ಬಾಳುವುದಿಲ್ಲ. ಡೀಸೆಲ್ ಎಂಜಿನ್ ಹೆಚ್ಚು ಭಾರ, ಆದ್ದರಿಂದ ಮುಂದಿನ ಸ್ಪ್ರಿಂಗುಗಳಿಗೆ ಬಲ ಕೊಡಬೇಕು. ಆರು ವೋಲ್ಟಿನ ಬ್ಯಾಟರಿಗೆ ಅದನ್ನು ತಿರುಗಿಸುವ ಶಕ್ತಿ ಸಾಲದು, ಹನ್ನೆರಡು ವೋಲ್ಟಿಗೆ ಇಡೀ ತಂತಿಯ ಜಾಲ ಬದಲಾಗಬೇಕು. ನನಗೆ ಅತ್ಯಂತ ಸ್ವಾರಸ್ಯವೆನಿಸಿದ್ದು ವೈಪರಿನ ವಿಚಾರ. ಆ ಕಾಲದ ಹಲವು ಅಮೆರಿಕನ್ ಕಾರುಗಳ ವೈಪರು ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದಿಂದ ಓಡುತ್ತಿತ್ತು. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೆ ತಡೆಬಾಗಿಲಿಲ್ಲ, ಹಾಗಾಗಿ ಸಾಕಷ್ಟು ನಿರ್ವಾತವೂ ಇಲ್ಲ. ಎಂಟನೆಯ ತರಗತಿಯಲ್ಲಿ ವಾಯುವಿನ ಒತ್ತಡದ ಪಾಠ ಹೇಳುವಾಗ ನಾನು ಈ ಉದಾಹರಣೆ ಕೊಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಷಾಢದ ಮಳೆಯಲ್ಲಿ ವೈಪರಿಲ್ಲದ ಕಾರು ಯಾರಿಗೆ ಬೇಕು? ವಿದ್ಯುತ್ ಮೋಟಾರಿನ ವೈಪರನ್ನು ಬೇರೆ ವಾಹನದಿಂದ ತಂದು ಕೂಡಿಸಬೇಕಾಗುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೆ ಕಾರು ಮೊದಲಿಗಿಂತ ನಿಧಾನ. ಆದರೆ ಡೀಸೆಲ್ ಪೆಟ್ರೋಲಿಗಿಂತ ಅಗ್ಗ, ಲೀಟರಿಗೆ ದೂರವೂ ಹೆಚ್ಚು; ಎಂಜಿನ್ ನಿಧಾನವಾಗಿ ತಿರುಗುವಾಗಲೇ ಬಲ ಕೊಡುವುದರಿಂದ ಹತ್ತು ಜನ ತುಂಬಿದ್ದರೂ ಘಾಟಿ ಏರುತ್ತಿತ್ತು. ಕ್ಯಾಲಿಫೋರ್ನಿಯಾದ ಹುಡುಗನಿಗೂ ನಮ್ಮ ಮೇಸ್ತ್ರಿಗೂ ವಿದ್ಯೆ ಒಂದೇ. ಬೋರು, ಬೆಸುಗೆ, ಅಳತೆ, ಊಹೆ. ಬೇರೆಯಾದದ್ದು ಕಿಸೆ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ತಡೆಹಿಡಿದು, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾದಾಗ, ಹೊಗೆಯ ಕಾನೂನು ಮತ್ತು ವಿಮೆಯ ಹೊರೆಯಿಂದ ಮೊದಲೇ ಬಳಲಿದ್ದ ಮಸಲ್ ಕಾರಿನ ಕಾಲ ಅಲ್ಲಿ ಮುಗಿಯಿತು. ಇಲ್ಲಿ ಪೆಟ್ರೋಲಿನ ಹಳೆಯ ಕಾರು ಇಟ್ಟುಕೊಂಡವರಿಗೆ ಡೀಸೆಲ್ ಹಾಕಿಸುವುದು ಇಲ್ಲವೇ ಗುಜರಿಗೆ ಕೊಡುವುದು, ಎರಡೇ ದಾರಿ ಉಳಿದವು.

ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. ಇಂಧನ ಮಿಶ್ರಣ ಹಂಚುವ ಕೊಳವೆಯನ್ನು ಸುಧಾರಿಸಿದ ವಿಕ್ ಎಡೆಲ್‌ಬ್ರಾಕ್ ಎಂಬಾತನ ಹೆಸರು ಅಲ್ಲಿ ಇಂದಿಗೂ ಜನಜನಿತ. ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರಿನ ಶೆಡ್ಡುಗಳಲ್ಲಿ ಆ ಉಕ್ಕಿನ ತಟ್ಟೆ ಕೊರೆದವರ ಬಗ್ಗೆ ಪತ್ರಿಕೆ ಹುಟ್ಟಲಿಲ್ಲ. ಅವರ ಕೆಲಸಕ್ಕೆ ಸಿಕ್ಕುವ ದಾಖಲೆಯೆಂದರೆ ಆರ್.ಸಿ. ಪುಸ್ತಕದಲ್ಲಿ ಹಳೆಯ ಎಂಜಿನ್ ಸಂಖ್ಯೆ ಹೊಡೆದು ಬರೆದ ಹೊಸ ಸಂಖ್ಯೆ. ಮೇಸ್ತ್ರಿಯ ಹೆಸರಿಗೆ ಅದರಲ್ಲಿ ಅಂಕಣವಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಅಂಥ ಪುಸ್ತಕವೋ, ಗ್ಯಾರೇಜಿನ ಬಿಲ್ಲೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಇಂದು ಆ ಕೆಲಸ ಮಾಡುವಂತೆಯೂ ಇಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಹಳೆಯ ಬ್ರೇಕಿನ ಮೇಲೆ ಹೊಸ ಭಾರ ಹೊತ್ತು ಘಾಟಿ ಇಳಿಯುತ್ತಿದ್ದ ಕಾರುಗಳಲ್ಲಿ ನಾವು ಧೈರ್ಯವಾಗಿ ಕುಳಿತದ್ದು ಆ ಅಪಾಯ ತಿಳಿಯದೆ.

ಉಳಿದ ಅಮೆರಿಕನ್ ಕಾರುಗಳು ಈಗ ಸಂಗ್ರಾಹಕರ ಬಳಿ, ಧರ್ಮಸ್ಥಳದ ಮಂಜೂಷಾದಂಥ ಸಂಗ್ರಹಾಲಯಗಳಲ್ಲಿವೆ. ಡೀಸೆಲ್ ಹಾಕಿಸಿಕೊಂಡಿದ್ದ ಕಾರು ಸಂಗ್ರಾಹಕರ ಕೈಗೆ ಸಿಕ್ಕರೆ ಅವರು ಮೊದಲು ಮಾಡುವ ಕೆಲಸ ಆ ಎಂಜಿನ್ನನ್ನು ಇಳಿಸಿ, ಕಾರ್ಖಾನೆಯಿಂದ ಬಂದಾಗ ಇದ್ದಂಥ ಪೆಟ್ರೋಲ್ ಎಂಜಿನ್ನಿಗಾಗಿ ಊರೂರು ಹುಡುಕುವುದು. ಮೇಸ್ತ್ರಿಯ ಉಕ್ಕಿನ ತಟ್ಟೆ ಆಗ ಗುಜರಿಯವನ ತಕ್ಕಡಿಗೆ ಹೋಗುತ್ತದೆ.